ಮುಲಾಮು ಬದಲಿಸಿದ್ದು ಸಾಕು, ಕಾಲಿಗೆ ಬಿಗಿ ಪಟ್ಟಿ ಕಟ್ಟಿಸಿ

ಪ್ರಶ್ನೆ: ನಮ್ಮದು ಗಂಗಾವತಿ. ಅವ್ವನಿಗೆ 58 ವರ್ಷ. ಬಹಳ ವರ್ಷಗಳಿಂದ ಖಾನಾವಳಿ ನಡೆಸುತ್ತಾಳೆ. ಬೆಳಗಿನಿಂದ ರಾತ್ರಿಯವರೆಗೆ ಒಲೆ ಮುಂದೆ ನಿಂತೇ ರೊಟ್ಟಿ ಬಡಿಯುವ ಕೆಲಸ. ಎಡಗಾಲಿನ ಹರಡಿನ ಮೇಲೆ, ಒಳಮಗ್ಗುಲಲ್ಲಿ ಎರಡು ವರ್ಷದಿಂದ ಹುಣ್ಣು ಇದೆ. ಒಮ್ಮೆ ಮಾಯ್ದು ಮತ್ತೆ ಒಡೆಯಿತು. ಸುತ್ತಲಿನ ಚರ್ಮ ಕಪ್ಪಾಗಿದೆ, ತುರಿಸುತ್ತದೆ, ನೀರು ಸೋರುತ್ತದೆ, ಸಂಜೆಗೆ ಪಾದ ಬಾಯುತ್ತದೆ. ತೊಡೆಯಿಂದ ಕೆಳಗೆ ನರಗಳು ಉಬ್ಬಿ ಸುತ್ತಿಕೊಂಡಿವೆ. ಸಕ್ಕರೆ ಕಾಯಿಲೆ ಇಲ್ಲ. ಬಿಪಿಗೆ ಅಮ್ಲೋಡಿಪಿನ್ 10 ಮಿ.ಗ್ರಾಂ. ತೆಗೆದುಕೊಳ್ಳುತ್ತಾಳೆ. ಮುಲಾಮು, ಆಂಟಿಬಯೋಟಿಕ್, ದಿನಾ ಡ್ರೆಸ್ಸಿಂಗ್, ಸೊಪ್ಪಿನ ಕಟ್ಟು ಎಲ್ಲ ಆಯಿತು. ಒಬ್ಬ ಡಾಕ್ಟರು ಲೇಸರ್ ಮಾಡಿಸಿ ಅಂದರು. ಓಣಿಯವರು "ಕಾಲೇ ತೆಗೀಬೇಕಾಗ್ತದ" ಎಂದು ಹೆದರಿಸುತ್ತಾರೆ. ಏನು ಮಾಡಬೇಕು? ಅವ್ವ ಖಾನಾವಳಿ ಬಿಡಬೇಕೇ?

ಉತ್ತರ: ಮೊದಲು ಓಣಿಯವರ ಮಾತು ಬಿಡಿ. ನೀವು ಬರೆದಿರುವ ಜಾಗ, ಚರ್ಮದ ಕಪ್ಪು, ನೀರು ಸೋರುವುದು, ಸಂಜೆಯ ಬಾವು, ಉಬ್ಬಿದ ನಾಳ, ಮಾಯ್ದದ್ದು ಮತ್ತೆ ಒಡೆದದ್ದು, ಇವೆಲ್ಲ ಒಂದೇ ಕಡೆ ಬೆರಳು ತೋರಿಸುತ್ತವೆ. ಇದು ವೇನ್ (ರಕ್ತವನ್ನು ಮರಳಿ ಎದೆಗೆ ಒಯ್ಯುವ ನಾಳ, ನೀವು ನರ ಎಂದು ಬರೆದದ್ದು) ಕೆಟ್ಟು ಆದ ಹುಣ್ಣು. ಇಂಥ ಹುಣ್ಣಿಗಾಗಿ ಕಾಲು ತೆಗೆಯುವ ಪ್ರಸಂಗ ತೀರ ಅಪರೂಪ. ಕಾಲು ಕಳೆದುಕೊಳ್ಳುವವರಲ್ಲಿ ಹೆಚ್ಚಿನವರು ಸಕ್ಕರೆ ಕಾಯಿಲೆಯಿಂದ ಪಾದ ಕೊಳೆತವರು, ಇಲ್ಲವೇ ಬೀಡಿ-ಸಿಗರೇಟು ಸೇದಿ ಕಾಲಿಗೆ ಬರುವ ಶುದ್ಧ ರಕ್ತದ ನಾಳವೇ ಕಟ್ಟಿಕೊಂಡವರು. ನಿಮ್ಮ ಅವ್ವನ ಕಾಯಿಲೆ ಬೇರೆ, ಅದರ ದಾರಿಯೂ ಬೇರೆ.

ಎರಡು ವರ್ಷ ಯಾಕೆ ಮಾಯಲಿಲ್ಲ ಎಂಬುದು ತಿಳಿದರೆ ಚಿಕಿತ್ಸೆ ತಾನೇ ತಿಳಿಯುತ್ತದೆ. ಕಾಲಿಗೆ ಇಳಿದ ರಕ್ತ ಮತ್ತೆ ಎದೆಗೆ ಏರಬೇಕು. ಅದನ್ನು ಏರಿಸುವುದು ಮೀನಖಂಡ. ನಡೆದಾಗಲೆಲ್ಲ ಆ ಮಾಂಸಖಂಡ ಬಿಗಿದು ವೇನ್‌ಗಳನ್ನು ಹಿಂಡಿ ರಕ್ತವನ್ನು ಮೇಲೆ ತಳ್ಳುತ್ತದೆ. ತಳ್ಳಿದ ರಕ್ತ ಕೆಳಗೆ ಜಾರದಂತೆ ವೇನ್‌ನೊಳಗೆ ಸಣ್ಣ ಕವಾಟಗಳಿವೆ. ನಿಮ್ಮ ಕಡೆ ಪಂಪ್‌ಸೆಟ್ ಕಂಡವರಿಗೆಲ್ಲ ಫುಟ್‌ವಾಲ್ವ್ ಗೊತ್ತು. ಅದು ಸೋರಿದರೆ ಮೋಟರು ಎಷ್ಟು ತಿರುಗಿದರೂ ಪೈಪಿನ ನೀರು ಬಾವಿಗೇ ಇಳಿಯುತ್ತದೆ. ಕಾಲಿನ ಕವಾಟ ಕೆಟ್ಟಾಗಲೂ ಆಗುವುದು ಅದೇ. ನಿಂತಾಗ ಹರಡಿನ ಹತ್ತಿರದ ವೇನ್‌ನಲ್ಲಿ ಒತ್ತಡ ಸುಮಾರು 80-90 ಮಿ.ಮೀ. ಪಾದರಸ ಇರುತ್ತದೆ. ಕವಾಟ ನೆಟ್ಟಗಿದ್ದವರು ನಾಲ್ಕು ಹೆಜ್ಜೆ ನಡೆದರೆ ಅದು 30ರ ಆಸುಪಾಸಿಗೆ ಇಳಿಯುತ್ತದೆ. ಕೆಟ್ಟವರಲ್ಲಿ ನಡೆದರೂ ಇಳಿಯುವುದಿಲ್ಲ. ಹಗಲಿಡೀ ಆ ಒತ್ತಡ ಹರಡಿನ ಸುತ್ತಲಿನ ಚರ್ಮದ ಮೇಲೇ ಕೂತಿರುತ್ತದೆ. ಸಣ್ಣ ನಾಳಗಳಿಂದ ನೀರು ಹೊರಬಿದ್ದು ಪಾದ ಬಾಯುತ್ತದೆ. ಕೆಂಪು ರಕ್ತಕಣಗಳೂ ಹೊರಬಿದ್ದು, ಅದರಲ್ಲಿಯ ಕಬ್ಬಿಣ ಚರ್ಮದಲ್ಲಿ ಉಳಿದು ಕಪ್ಪು-ಕಂದು ಬಣ್ಣ ಬರುತ್ತದೆ. ಕೊನೆಗೆ ಚರ್ಮ ಗಟ್ಟಿಯಾಗಿ, ಒಂದು ಸಣ್ಣ ತರಚಿದ ಗಾಯವನ್ನೂ ಮಾಯಿಸಲಾರದಷ್ಟು ಸೋತಿರುತ್ತದೆ.

ಅಂದರೆ ಹುಣ್ಣು ಕಾಣುವುದು ಚರ್ಮದಲ್ಲಿ, ರೋಗ ಇರುವುದು ಒತ್ತಡದಲ್ಲಿ. ಮುಲಾಮು ಒತ್ತಡ ಇಳಿಸುವುದಿಲ್ಲ, ಆಂಟಿಬಯೋಟಿಕ್ ಕೂಡ ಇಳಿಸುವುದಿಲ್ಲ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹಚ್ಚಿದ್ದು, ನುಂಗಿದ್ದು, ತೊಳೆದದ್ದು ಎಲ್ಲ ಇದೆ. ಕಾಲಿಗೆ ಬೆರಳ ಬುಡದಿಂದ ಮೊಣಕಾಲಿನವರೆಗೆ ಬಿಗಿ ಪಟ್ಟಿ ಕಟ್ಟಿದರೆಂಬ ಮಾತು ಎಲ್ಲಿಯೂ ಇಲ್ಲ. ಈ ಹುಣ್ಣಿನ ಮುಖ್ಯ ಔಷಧ ಆ ಪಟ್ಟಿಯೇ. ಇದನ್ನು ಕಂಪ್ರೆಷನ್ ಅನ್ನುತ್ತಾರೆ. ಹೊರಗಿನಿಂದ ಹರಡಿನ ಬಳಿ ಸುಮಾರು 40 ಮಿ.ಮೀ. ಒತ್ತಡ ಕೊಟ್ಟು, ಮೇಲಕ್ಕೆ ಹೋದಂತೆ ಸ್ವಲ್ಪ ಕಡಿಮೆಯಾಗುವಂತೆ ಕಟ್ಟಿದರೆ, ಹಿಗ್ಗಿದ ವೇನ್ ಕುಗ್ಗಿ ರಕ್ತ ಮೇಲೇರಲು ದಾರಿಯಾಗುತ್ತದೆ, ಬಾವು ಇಳಿಯುತ್ತದೆ, ಚರ್ಮಕ್ಕೆ ಮಾಯುವ ಶಕ್ತಿ ಬರುತ್ತದೆ. ಪಟ್ಟಿ ಕಟ್ಟಿದ ಹುಣ್ಣು ಕಟ್ಟದ ಹುಣ್ಣಿಗಿಂತ ಬೇಗ ಮಾಯುತ್ತದೆ ಎಂಬುದು ಮತ್ತೆ ಮತ್ತೆ ಅಧ್ಯಯನ ಮಾಡಿ ಖಾತ್ರಿಯಾದ ಮಾತು. ನಮ್ಮ ಕಡೆ ಎಷ್ಟೋ ಜನ ವರ್ಷಗಟ್ಟಲೆ ನರಳಿದ ಮೇಲೆ ಇದರ ಹೆಸರು ಕೇಳುತ್ತಾರೆ ಎಂಬುದು ನನಗೆ ನಿಜವಾಗಿಯೂ ಸಂಕಟದ ಸಂಗತಿ.

ಆದರೆ ಇದನ್ನು ಓದಿ ಇವತ್ತೇ ಮೆಡಿಕಲ್ ಶಾಪಿನಿಂದ ಕ್ರೇಪ್ ಬ್ಯಾಂಡೇಜ್ ತಂದು ಬಿಗಿಯಬೇಡಿ. ಒಂದು ಪರೀಕ್ಷೆ ಮೊದಲು ಆಗಬೇಕು. ಕಾಲಿಗೆ ಶುದ್ಧ ರಕ್ತ ತರುವ ಆರ್ಟರಿ ಚೆನ್ನಾಗಿದೆಯೇ ಎಂದು ನೋಡಬೇಕು. ಅದು ಕಟ್ಟಿಕೊಂಡಿದ್ದಾಗ ಬಿಗಿ ಪಟ್ಟಿ ಕಟ್ಟಿದರೆ ಕಾಲಿಗೇ ಅಪಾಯ. ಪರೀಕ್ಷೆ ಸುಲಭ, ನೋವಿಲ್ಲ. ಬಿಪಿ ಪಟ್ಟಿ ಮತ್ತು ರಕ್ತದ ಹರಿವನ್ನು ಶಬ್ದದ ಅಲೆಯಿಂದ ಪತ್ತೆ ಮಾಡುವ, ಕೈಯಲ್ಲಿ ಹಿಡಿಯುವ ಸಣ್ಣ ಡಾಪ್ಲರ್ ಯಂತ್ರದಿಂದ ಹರಡಿನ ಬಿಪಿಯನ್ನೂ ತೋಳಿನ ಬಿಪಿಯನ್ನೂ ಅಳೆದು, ಹರಡಿನದನ್ನು ತೋಳಿನದರಿಂದ ಭಾಗಿಸುತ್ತಾರೆ. ಎಬಿಪಿಐ ಅಂದರೆ ಇದೇ. ತೋಳಿನಲ್ಲಿ 130, ಹರಡಿನಲ್ಲಿ 120 ಇದ್ದರೆ ಸುಮಾರು 0.92 ಬರುತ್ತದೆ. 0.8ರಿಂದ 1.3ರೊಳಗೆ ಇದ್ದರೆ ಪೂರ್ತಿ ಬಿಗಿ ಕಟ್ಟಬಹುದು. 0.5ರಿಂದ 0.8ರ ನಡುವೆ ಇದ್ದರೆ ಕಡಿಮೆ ಬಿಗಿ, ಅದೂ ಬಲ್ಲವರ ಕಣ್ಣಿನಡಿ. 0.5ಕ್ಕಿಂತ ಕಡಿಮೆ ಇದ್ದರೆ ಪಟ್ಟಿ ಕಟ್ಟುವಂತಿಲ್ಲ, ಮೊದಲು ಆರ್ಟರಿಯ ಚಿಕಿತ್ಸೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಆರ್ಟರಿ ಗಟ್ಟಿಯಾಗಿ ಈ ಅಂಕಿ ಸುಳ್ಳೇ ಹೆಚ್ಚು ತೋರಿಸಬಹುದು. ನಿಮ್ಮ ಅವ್ವನಿಗೆ ಸಕ್ಕರೆ ಇಲ್ಲ ಎಂದಿದ್ದೀರಿ. ಆದರೂ ಹಳೆಯ ರಿಪೋರ್ಟ್ ನಂಬದೆ ಈಗ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಜೊತೆಗೆ ಹಿಮೋಗ್ಲೋಬಿನ್ ಕೂಡ. ರಕ್ತ ಕಡಿಮೆ ಇದ್ದವರ ಹುಣ್ಣು ನಿಧಾನವಾಗಿ ಮಾಯುತ್ತದೆ, ನಮ್ಮ ಹೆಣ್ಣುಮಕ್ಕಳಲ್ಲಿ ಅದು ಕಡಿಮೆ ಇರುವುದೇ ಹೆಚ್ಚು.

ಎಲ್ಲಿಗೆ ಹೋಗಬೇಕು? ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಸರ್ಜರಿ ವಿಭಾಗಕ್ಕೆ ಹೋಗಿ, "ಕಾಲಿನ ವೇನ್ ಮತ್ತು ಆರ್ಟರಿ ಎರಡರದೂ ಡಾಪ್ಲರ್ ಆಗಬೇಕು" ಎಂದು ಬಾಯಿಬಿಟ್ಟು ಕೇಳಿ. ವೇನ್ ಡಾಪ್ಲರನ್ನು ನಿಲ್ಲಿಸಿ ಮಾಡಿದರೆ ರಕ್ತ ಹಿಂದಕ್ಕೆ ಜಾರುವುದು ಸರಿಯಾಗಿ ಕಾಣುತ್ತದೆ. ಬರೀ ಮಲಗಿಸಿ, ರಕ್ತ ಹೆಪ್ಪುಗಟ್ಟಿಲ್ಲ ಎಂದಷ್ಟೇ ಬರೆದು ಕಳಿಸಿದರೆ ಅರ್ಧ ಉತ್ತರ ಸಿಕ್ಕಂತೆ.

ಇನ್ನೊಂದು ಮಾತನ್ನು ಅವ್ವನನ್ನೇ ಕೇಳಿ, ಡಾಕ್ಟರಿಗೆ ಹೇಳಿ. ಬಾಣಂತನದಲ್ಲೋ, ಯಾವುದಾದರೂ ಆಪರೇಷನ್ ಆಗಿ ಮಲಗಿದ್ದಾಗಲೋ ಎಡಗಾಲು ಇದ್ದಕ್ಕಿದ್ದಂತೆ ಬಾತು ನೋಯುತ್ತಿತ್ತೇ? ಹೌದು ಅಂದರೆ ಆಗಲೇ ಒಳಗಿನ ದೊಡ್ಡ ವೇನ್‌ನಲ್ಲಿ ರಕ್ತ ಹೆಪ್ಪುಗಟ್ಟಿ, ಕವಾಟಗಳು ಹಾಳಾಗಿರಬಹುದು. ಹಾಗಿದ್ದರೆ ಚಿಕಿತ್ಸೆಯ ಯೋಜನೆ ಬದಲಾಗುತ್ತದೆ. ಮೂವತ್ತು ವರ್ಷದ ಹಿಂದಿನದನ್ನು ಯಾರೂ ತಾವಾಗಿ ಹೇಳುವುದಿಲ್ಲ, ಕೇಳಿಯೇ ತಿಳಿಯಬೇಕು.

ಪಟ್ಟಿ ಕಟ್ಟುವುದು ಒಂದು ಕೈಗೆಲಸ, ಕಲಿತವರೇ ಕಟ್ಟಬೇಕು. ಮೊದಲು ಹುಣ್ಣಿನ ಮೇಲೆ ಅಂಟಿಕೊಳ್ಳದ ಸಾದಾ ಡ್ರೆಸ್ಸಿಂಗ್. ಅದರ ಮೇಲೆ ಹತ್ತಿಯ ಮೆತ್ತನೆಯ ರೋಲ್, ಎಲುಬು ಚಾಚಿದ ಕಡೆ ಸ್ವಲ್ಪ ಹೆಚ್ಚು. ಆಮೇಲೆ ಬಿಗಿ ಪದರಗಳು. ಪಾದ ಕಾಲಿಗೆ ಲಂಬಕೋನದಲ್ಲಿರಬೇಕು. ಬೆರಳುಗಳ ಬುಡದಿಂದ ಶುರುವಾಗಿ, ಹಿಮ್ಮಡ ಬಿಡದೆ ಮುಚ್ಚಿ, ಒಂದು ಸುತ್ತಿನ ಅರ್ಧದ ಮೇಲೆ ಇನ್ನೊಂದು ಸುತ್ತು ಬರುವಂತೆ ಮೊಣಕಾಲಿನ ಎರಡು ಬೆರಳು ಕೆಳಗೆ ಮುಗಿಯಬೇಕು. ಹುಣ್ಣಿನ ಜಾಗಕ್ಕೆ ಮಾತ್ರ ಬಳೆಯಂತೆ ಪಟ್ಟಿ ಸುತ್ತುವುದನ್ನು ಬಹಳ ಕಡೆ ನೋಡುತ್ತೇನೆ. ಅದರಿಂದ ಪಾದ ಇನ್ನಷ್ಟು ಬಾಯುತ್ತದೆ. ಸಾದಾ ಕ್ರೇಪ್ ಒಂದನ್ನೇ ಸುತ್ತಿದರೆ ಕೆಲವು ತಾಸಿನಲ್ಲೇ ಸಡಿಲಾಗುತ್ತದೆ. ನಾಲ್ಕು ಪದರದ ಪಟ್ಟಿ, ಕಡಿಮೆ ಹಿಗ್ಗುವ ಪಟ್ಟಿ, ಎರಡು ಪದರದ ಬಿಗಿ ಕಾಲುಚೀಲ ಹೀಗೆ ಹಲವು ಬಗೆ ಇವೆ. ನಾಲ್ಕು ಪದರದ ಪಟ್ಟಿಯನ್ನೂ ಎರಡು ಪದರದ ಕಾಲುಚೀಲವನ್ನೂ ಹೋಲಿಸಿದ ದೊಡ್ಡ ಬ್ರಿಟಿಷ್ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಹುಣ್ಣು ಮಾಯಲು ಹಿಡಿದ ಸಮಯ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ನಿಮ್ಮ ಊರಲ್ಲಿ ಯಾವುದು ಸಿಗುತ್ತದೆ, ಯಾವುದನ್ನು ಅವ್ವ ಬಿಚ್ಚದೆ ಇಟ್ಟುಕೊಳ್ಳುತ್ತಾಳೆ ಎಂಬುದನ್ನೇ ನೋಡಿ ಆರಿಸಿ.

ಕಾಲ್ಗೆಜ್ಜೆ, ಚೈನು ತೆಗೆದಿಡಬೇಕು. ಕಾಲುಂಗುರ ಸಡಿಲಾಗಿದ್ದರೆ ಇರಲಿ, ಬೆರಳಿಗೆ ಕಚ್ಚಿಕೊಂಡಿದ್ದರೆ ಬಾವು ಇಳಿಯುವವರೆಗೆ ತೆಗೆಯುವುದು ಒಳ್ಳೆಯದು. ಪಟ್ಟಿ ಕಟ್ಟಿದ ಮೇಲೆ ಬೆರಳ ತುದಿ ತೆರೆದೇ ಇರುತ್ತದೆ, ಅದನ್ನು ದಿನಾ ನೋಡಿ. ಬೆರಳು ನೀಲಿಯಾದರೆ, ತಣ್ಣಗಾದರೆ, ಜೋಮು ಹಿಡಿದರೆ, ರಾತ್ರಿ ತಡೆಯಲಾರದ ನೋವು ಬಂದರೆ ಬೆಳಗಾಗಲಿ ಎಂದು ಕಾಯದೆ ಪಟ್ಟಿ ಬಿಚ್ಚಿ. ಮೊದಲ ವಾರ ಸ್ವಲ್ಪ ನೋವು, ಬಿಗಿತ ಸಹಜ. ಅದಕ್ಕೆ ಪ್ಯಾರಾಸಿಟಮಾಲ್ ಸಾಕು. ಬಿಪಿ ಇರುವವರು ಬೇರೆ ನೋವಿನ ಗುಳಿಗೆಗಳನ್ನು ತಾವೇ ತಂದು ನುಂಗುವುದು ಬೇಡ. ಹೃದಯದ ತೊಂದರೆ ಇದ್ದು ಮಲಗಿದರೆ ದಮ್ಮು ಬರುವವರು ಪಟ್ಟಿ ಕಟ್ಟುವ ಮೊದಲೇ ಡಾಕ್ಟರಿಗೆ ಹೇಳಬೇಕು.

ಬಿಸಿಲಿನ ಮಾತು ಬರದೆ ಇರಲಾರದು. ಏಪ್ರಿಲ್-ಮೇ ತಿಂಗಳಲ್ಲಿ ಗಂಗಾವತಿಯಲ್ಲಿ 40 ಡಿಗ್ರಿ ದಾಟಿದಾಗ, ಒಲೆಯ ಮುಂದೆ, ಸೀರೆಯ ಕೆಳಗೆ ಪದರ ಪದರದ ಪಟ್ಟಿ ಅಂದರೆ ಯಾರಿಗಾದರೂ ಕಿತ್ತೆಸೆಯಬೇಕು ಅನ್ನಿಸುತ್ತದೆ. ಇದನ್ನು ಸೋಮಾರಿತನ ಎಂದು ಬೈಯುವ ವೈದ್ಯರ ಮಾತನ್ನು ನಾನು ಒಪ್ಪುವುದಿಲ್ಲ. ಬೇಸಿಗೆಯಲ್ಲಿ ಕಡಿಮೆ ಪದರದ ಪಟ್ಟಿ ಕೇಳಿ, ಒಳಗೆ ತೆಳು ಹತ್ತಿ ಬಟ್ಟೆಯ ಚೀಲ ಹಾಕಿಸಿ. ಸೋರುವುದು ಹೆಚ್ಚಿದ್ದರೆ ವಾರಕ್ಕೆ ಎರಡು ಸಲ ಬದಲಿಸಿ, ಕಡಿಮೆಯಾದ ಮೇಲೆ ವಾರಕ್ಕೊಮ್ಮೆ ಸಾಕು. ಬಿಸಿಲು ತಡೆಯಲಾಗದ ಮಧ್ಯಾಹ್ನ ಒಂದು ತಾಸು ಫ್ಯಾನಿನ ಕೆಳಗೆ ಕಾಲು ಎತ್ತಿಟ್ಟು ಮಲಗಿದರೆ ಪಟ್ಟಿಯೂ ಉಳಿಯುತ್ತದೆ, ಬಾವೂ ಇಳಿಯುತ್ತದೆ. ಪೂರ್ತಿ ಬಿಗಿ ತಡೆಯಲಾಗದಿದ್ದರೆ ಸ್ವಲ್ಪ ಕಡಿಮೆ ಬಿಗಿ ಇಟ್ಟುಕೊಳ್ಳಲಿ. ಏನೂ ಇಲ್ಲದ್ದಕ್ಕಿಂತ ಅದು ಎಷ್ಟೋ ಮೇಲು.

ಈಗ ಹುಣ್ಣಿನ ಆರೈಕೆ. ಪಟ್ಟಿ ಬದಲಿಸುವ ದಿನ ಕಾಲನ್ನು ಉಗುರು ಬೆಚ್ಚಗಿನ ಶುದ್ಧ ನೀರಿನಲ್ಲಿ ತೊಳೆಯಬಹುದು, ತೊಳೆಯಲೇಬೇಕು. ಕುಡಿಯಲು ಯೋಗ್ಯವಾದ ನೀರು ಸಾಕು, ಸಂಶಯವಿದ್ದರೆ ಕುದಿಸಿ ಆರಿಸಿ. ಉದುರುವ ಸತ್ತ ಚರ್ಮವನ್ನು ಮೆಲ್ಲಗೆ ತೆಗೆದು, ಹುಣ್ಣಿನ ಸುತ್ತಲಿನ ಚರ್ಮಕ್ಕೆ ವಾಸನೆಯಿಲ್ಲದ ಬಿಳಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್, ಡೆಟಾಲ್ ಹುಣ್ಣಿನೊಳಗೆ ಸುರಿಯಬೇಡಿ. ಅವು ಹೊಸದಾಗಿ ಬರುತ್ತಿರುವ ಚರ್ಮವನ್ನೂ ಸುಡುತ್ತವೆ. ನಿಯೋಮೈಸಿನ್, ಫ್ರಾಮೈಸೆಟಿನ್ ಇರುವ ಮುಲಾಮುಗಳಿಗೆ ಇಂಥ ಕಾಲಿನ ಚರ್ಮ ಬಹಳ ಸುಲಭವಾಗಿ ಅಲರ್ಜಿಯಾಗುತ್ತದೆ. ಹಚ್ಚಿದಷ್ಟೂ ತುರಿಕೆ ಹೆಚ್ಚಾದದ್ದು ಇದೇ ಕಾರಣಕ್ಕೆ ಇರಬಹುದು. ಅರಿಶಿನ, ಸುಣ್ಣ, ಬೂದಿ, ತಂಬಾಕಿನ ಪುಡಿ, ಸೊಪ್ಪಿನ ಕಟ್ಟು ಎಲ್ಲ ನಿಲ್ಲಿಸಿ. ಸೆಗಣಿ ತಾಕಿದ ಹುಣ್ಣಿಗೆ ಧನುರ್ವಾಯುವಿನ ಅಪಾಯವಿದೆ, ಟಿಟಿ ಚುಚ್ಚುಮದ್ದು ಆಗಿದೆಯೇ ಕೇಳಿಕೊಳ್ಳಿ. ಜೇನುತುಪ್ಪ ಹಚ್ಚಿದರೆ ಹೇಗೆ ಎಂದು ಬಹಳ ಜನ ಕೇಳುತ್ತಾರೆ. ನ್ಯೂಜಿಲೆಂಡಿನಲ್ಲಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಗಿ ಪಟ್ಟಿಯ ಕೆಳಗೆ ಜೇನಿನ ಡ್ರೆಸ್ಸಿಂಗ್ ಇಟ್ಟವರಿಗೂ ಸಾದಾ ಡ್ರೆಸ್ಸಿಂಗ್ ಇಟ್ಟವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಬೆಳ್ಳಿಯ ಡ್ರೆಸ್ಸಿಂಗ್, ಫೋಮ್, ಜೆಲ್ ಎಂದು ದುಬಾರಿ ಡಬ್ಬಿ ತೋರಿಸಿದಾಗಲೂ ಇದನ್ನೇ ನೆನಪಿಡಿ. ಆ ದುಡ್ಡು ಒಳ್ಳೆಯ ಪಟ್ಟಿಗೆ ಹೋಗಲಿ.

ಆಂಟಿಬಯೋಟಿಕ್ ವಿಷಯ ಬೇಗ ಮುಗಿಸುತ್ತೇನೆ. ಯಾವ ಹಳೆಯ ಹುಣ್ಣಿನಿಂದ ಹತ್ತಿಯಲ್ಲಿ ಒರೆಸಿ ಲ್ಯಾಬಿಗೆ ಕಳಿಸಿದರೂ ಒಂದಲ್ಲ ಒಂದು ಬ್ಯಾಕ್ಟೀರಿಯಾ ಬೆಳೆಯುತ್ತದೆ. ಬೆಳೆದ ಮಾತ್ರಕ್ಕೆ ಗುಳಿಗೆ ಬೇಕಿಲ್ಲ. ಕೆಂಪು ಹರಡುತ್ತಾ ಹೋದರೆ, ಮುಟ್ಟಿದರೆ ಬಿಸಿ ಇದ್ದರೆ, ಜ್ವರ ಬಂದರೆ, ನೋವು ಒಮ್ಮೆಲೇ ಏರಿದರೆ ಆಗ ಬೇಕು, ಆಗ ತಡ ಮಾಡಬಾರದು. ಬರೀ ತುರಿಕೆ, ಹೊಪ್ಪಳೆ, ನೀರು ಒಸರುವುದು ಹೆಚ್ಚಾಗಿ ಎಗ್ಜಿಮಾ, ಅಂದರೆ ಚರ್ಮದ ಉರಿಯೂತ. ಅದಕ್ಕೆ ಡಾಕ್ಟರು ಕೆಲವು ದಿನದ ಸ್ಟಿರಾಯ್ಡ್ ಮುಲಾಮು ಕೊಡುತ್ತಾರೆ, ಅದನ್ನು ಚರ್ಮಕ್ಕೆ ಹಚ್ಚಬೇಕು, ಹುಣ್ಣಿನೊಳಗಲ್ಲ. ಪೆಂಟಾಕ್ಸಿಫಿಲಿನ್ ಎಂಬ ಗುಳಿಗೆ 400 ಮಿ.ಗ್ರಾಂ. ದಿನಕ್ಕೆ ಮೂರು ಸಲ ಕೊಟ್ಟರೆ ಪಟ್ಟಿಯ ಜೊತೆ ಸ್ವಲ್ಪ ಸಹಾಯವಾಗುತ್ತದೆ. ಅವ್ವನಿಗೆ ಹೊಂದುತ್ತದೆಯೇ ಎಂದು ಡಾಕ್ಟರೇ ತೀರ್ಮಾನಿಸಲಿ.

ಅಮ್ಲೋಡಿಪಿನ್ ಬಗ್ಗೆ ನೀವು ಬರೆದದ್ದು ಒಳ್ಳೆಯದಾಯಿತು. ಪಾದ ಬಾಯಿಸುವುದು ಆ ಗುಳಿಗೆಯ ಬಹಳ ಸಾಮಾನ್ಯ ಅಡ್ಡಪರಿಣಾಮ, 10 ಮಿ.ಗ್ರಾಂ.ನಲ್ಲಿ 5ಕ್ಕಿಂತ ಹೆಚ್ಚು. ಹುಣ್ಣಿಗೆ ಅದೇ ಕಾರಣವಲ್ಲ. ಆದರೆ ಈಗಾಗಲೇ ಬಾಯುವ ಕಾಲಿಗೆ ಅದೊಂದು ಹೆಚ್ಚಿನ ಹೊರೆ. ತಾವಾಗಿ ನಿಲ್ಲಿಸುವಂತಿಲ್ಲ. ಬಿಪಿ ನೋಡುವ ಡಾಕ್ಟರಿಗೆ ಕಾಲು ತೋರಿಸಿ, ಬೇರೆ ಗುಳಿಗೆಗೆ ಬದಲಿಸಬಹುದೇ ಎಂದು ಕೇಳಿ.

ಊಟದ ಒಂದು ಮಾತನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಹುಣ್ಣು ಇದ್ದವರಿಗೆ "ನಂಜಾಗ್ತದ" ಎಂದು ಬೇಳೆ, ಶೇಂಗಾ, ಮೊಟ್ಟೆ, ಬದನೆಕಾಯಿ ಎಲ್ಲ ಬಿಡಿಸಿ, ಅನ್ನ-ಮಜ್ಜಿಗೆಯ ಮೇಲೆ ತಿಂಗಳುಗಟ್ಟಲೆ ಇಡುವ ಮನೆಗಳಿವೆ. ಹೊಸ ಚರ್ಮ ಕಟ್ಟುವುದು ಪ್ರೋಟೀನಿನಿಂದ. ಅದನ್ನೇ ಬಿಡಿಸಿದರೆ ಹುಣ್ಣು ಯಾವುದರಿಂದ ತುಂಬಬೇಕು? ಊರಿಗೆಲ್ಲ ರೊಟ್ಟಿ, ಬೇಳೆ, ಮೊಳಕೆ ಕಾಳಿನ ಪಲ್ಯ, ಶೇಂಗಾ ಚಟ್ನಿ ಬಡಿಸುವ ಕೈ ತನ್ನ ತಾಟಿಗೂ ಅದನ್ನು ಬಡಿಸಿಕೊಳ್ಳಲಿ. ಮೊಟ್ಟೆ ತಿನ್ನುವವರಾದರೆ ದಿನಕ್ಕೊಂದು ಮೊಟ್ಟೆ, ಹಾಲು ಇರಲಿ, ನಿಂಬೆ, ಪೇರಲ, ನೆಲ್ಲಿಕಾಯಿ ಇರಲಿ.

ಲೇಸರ್ ಮಾಡಿಸಿ ಎಂದ ಡಾಕ್ಟರು ತಪ್ಪು ಹೇಳಿಲ್ಲ. ಚರ್ಮದ ಕೆಳಗಿನ ಕೆಟ್ಟ ವೇನ್ ಅನ್ನು ಲೇಸರ್, ರೇಡಿಯೋ ಅಲೆಯ ಬಿಸಿ, ಇಲ್ಲವೇ ನೊರೆಯಂಥ ಔಷಧದಿಂದ ಒಳಗಿನಿಂದಲೇ ಮುಚ್ಚುತ್ತಾರೆ. ಸಾಮಾನ್ಯವಾಗಿ ಜಾಗ ಮಾತ್ರ ಮರಗಟ್ಟಿಸಿ ಮಾಡುವ ಕೆಲಸ, ಅದೇ ದಿನ ನಡೆಯಬಹುದು. ಮೊದಲೆಲ್ಲ ಹುಣ್ಣು ಪೂರ್ತಿ ಮಾಯ್ದ ಮೇಲೆ ವೇನ್ ನೋಡೋಣ ಅನ್ನುತ್ತಿದ್ದರು. ಬ್ರಿಟನ್ನಿನಲ್ಲಿ 450 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಇವ್ರಾ ಅಧ್ಯಯನ ಆ ಲೆಕ್ಕ ಬದಲಿಸಿತು. ಎಲ್ಲರಿಗೂ ಬಿಗಿ ಪಟ್ಟಿ ಇತ್ತು. ಎರಡು ವಾರದೊಳಗೆ ವೇನ್ ಚಿಕಿತ್ಸೆಯನ್ನೂ ಮಾಡಿಸಿಕೊಂಡ ಗುಂಪಿನಲ್ಲಿ ಅರ್ಧ ಜನರ ಹುಣ್ಣು 56 ದಿನದೊಳಗೆ ಮಾಯಿತು, ಕಾದವರ ಗುಂಪಿನಲ್ಲಿ ಅಷ್ಟೇ ಆಗಲು 82 ದಿನ ಬೇಕಾಯಿತು. ಅದಕ್ಕಿಂತ ಹಿಂದಿನ ಎಸ್ಕಾರ್ ಅಧ್ಯಯನದಲ್ಲಿ ನಾಲ್ಕು ವರ್ಷದ ಕೊನೆಗೆ, ಬರೀ ಪಟ್ಟಿಯವರಲ್ಲಿ 56 ಪ್ರತಿಶತ ಜನರಿಗೆ ಹುಣ್ಣು ಮರುಕಳಿಸಿತ್ತು. ಪಟ್ಟಿಯ ಜೊತೆ ವೇನ್ ಆಪರೇಷನ್ ಆದವರಲ್ಲಿ 31 ಪ್ರತಿಶತ. ಅವ್ವನ ಹುಣ್ಣು ಈಗಾಗಲೇ ಒಮ್ಮೆ ಮರುಕಳಿಸಿದೆ, ಆದ್ದರಿಂದ ಈ ಅಂಕಿ ನಿಮಗೆ ಮುಖ್ಯ. ಒಂದೇ ಎಚ್ಚರಿಕೆ: ಒಳಗಿನ ದೊಡ್ಡ ವೇನ್ ತೆರೆದಿದೆ ಎಂದು ಡಾಪ್ಲರ್‌ನಲ್ಲಿ ಖಾತ್ರಿಯಾಗಿರಬೇಕು. ಮತ್ತು ಲೇಸರ್ ಆಯಿತೆಂದು ಪಟ್ಟಿ ಬಿಡುವಂತಿಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ಈ ಚಿಕಿತ್ಸೆ ಅದರಡಿ ಬರುತ್ತದೆಯೇ ಎಂದು ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ಕಟ್ಟುವ ಮೊದಲು ಸರ್ಕಾರಿ ಆಸ್ಪತ್ರೆಯ ಯೋಜನೆ ಕೌಂಟರಿನಲ್ಲಿ ಕೇಳಿ.

ಖಾನಾವಳಿ ಬಿಡಬೇಕಿಲ್ಲ. ಕಾಲಿಗೆ ಕೆಡುಕು ಮಾಡುವುದು ಕೆಲಸವಲ್ಲ, ಅಲುಗದೆ ನಿಲ್ಲುವುದು. ಅರ್ಧ ತಾಸಿಗೊಮ್ಮೆ ಒಲೆ ಬಿಟ್ಟು ಅಂಗಳದವರೆಗೆ ನಡೆದು ಬರಲಿ. ನಿಂತಲ್ಲೇ ಹಿಮ್ಮಡ ಎತ್ತಿ ಇಳಿಸುವುದನ್ನು ಹತ್ತು ಸಲ, ದಿನಕ್ಕೆ ಮೂರು ಹೊತ್ತು ಮಾಡಿದರೆ ಮೀನಖಂಡ ಗಟ್ಟಿಯಾಗುತ್ತದೆ. ಪಟ್ಟಿ ಕಟ್ಟಿಕೊಂಡು ನಡೆಯುವುದೇ ಇದಕ್ಕೆ ಅತ್ಯುತ್ತಮ ವ್ಯಾಯಾಮ. ಕೆಲವು ತಿಂಗಳ ಮಟ್ಟಿಗೆ ರೊಟ್ಟಿ ಬಡಿಯಲು ಇನ್ನೊಬ್ಬರನ್ನು ಇಟ್ಟುಕೊಂಡು, ಅವ್ವ ಗಲ್ಲೆ ಮತ್ತು ಬಡಿಸುವ ಕೆಲಸ ನೋಡಿಕೊಳ್ಳುವುದಾದರೆ ಇನ್ನೂ ಒಳ್ಳೆಯದು. ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಗಂಟೆಗಟ್ಟಲೆ ಕೂರುವುದು ವಿಶ್ರಾಂತಿಯಲ್ಲ. ಮಲಗಿ ಕಾಲು ಎದೆಗಿಂತ ಎತ್ತರ ಇರಬೇಕು. ರಾತ್ರಿ ಮಂಚದ ಕಾಲ ಕಡೆಗೆ ಎರಡೆರಡು ಇಟ್ಟಿಗೆ ಕೊಟ್ಟರೆ ನಿದ್ದೆಯಲ್ಲೂ ಕೆಲಸ ಆಗುತ್ತದೆ.

ಎರಡು ವರ್ಷದ ಹುಣ್ಣು ಎರಡು ವಾರದಲ್ಲಿ ಮಾಯುವುದಿಲ್ಲ. ಸರಿಯಾದ ಪಟ್ಟಿ ಬಿದ್ದರೆ ಹೆಚ್ಚಿನ ಹುಣ್ಣುಗಳು ಮೂರರಿಂದ ಆರು ತಿಂಗಳಲ್ಲಿ ಮಾಯುತ್ತವೆ, ಹಳೆಯವು ಮತ್ತು ದೊಡ್ಡವು ಇನ್ನೂ ನಿಧಾನ. ಪಟ್ಟಿ ಬದಲಿಸುವಾಗ ಪಕ್ಕದಲ್ಲಿ ಸ್ಕೇಲ್ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ನಾಲ್ಕು ವಾರದಲ್ಲಿ ಮೂರನೇ ಒಂದು ಪಾಲಾದರೂ ಕಿರಿದಾದರೆ ದಾರಿ ಸರಿಯಿದೆ. ಸರಿಯಾಗಿ ಪಟ್ಟಿ ಕಟ್ಟಿಯೂ ಮೂರು ತಿಂಗಳಲ್ಲಿ ಏನೂ ಬದಲಾಗದಿದ್ದರೆ, ಅಂಚು ಉಬ್ಬಿ ಹೊರಚಾಚಿದರೆ, ಮುಟ್ಟಿದರೆ ರಕ್ತ ಬಂದರೆ, ಅಂಚಿನಿಂದ ಚೂರು ತೆಗೆದು ಬಯಾಪ್ಸಿ ಮಾಡಿಸಲೇಬೇಕು. ಬಹಳ ವರ್ಷ ಮಾಯದ ಹುಣ್ಣಿನಲ್ಲಿ ಅಪರೂಪಕ್ಕೆ ಕ್ಯಾನ್ಸರ್ ಆಗುತ್ತದೆ. ರಾಯಚೂರು-ಯಾದಗಿರಿ-ಕಲಬುರಗಿ ಕಡೆಯವರು ಈ ಉತ್ತರ ಓದುತ್ತಿದ್ದರೆ, ಆನೆಕಾಲು ರೋಗದ ಬಾವು ಮತ್ತು ಅಂಗಾಲಿನಲ್ಲಿ ಸ್ಪರ್ಶವೇ ಇಲ್ಲದ ಕುಷ್ಠದ ಹುಣ್ಣು ಬೇರೆ ಎಂಬುದನ್ನು ಗಮನಿಸಿ. ಅವುಗಳ ಚಿಕಿತ್ಸೆ ಇದಲ್ಲ.

ಹುಣ್ಣು ಮಾಯ್ದ ದಿನ ಚಿಕಿತ್ಸೆ ಮುಗಿಯುವುದಿಲ್ಲ. ಮೊದಲ ಸಲ ಮಾಯ್ದಾಗ ನಿಮಗೆ ಇದನ್ನು ಯಾರೂ ಹೇಳಿರಲಿಕ್ಕಿಲ್ಲ. ಅವತ್ತಿನಿಂದ ಅಳತೆ ತೆಗೆದುಕೊಂಡು ಕೊಂಡ ಬಿಗಿ ಕಾಲುಚೀಲ, ಮೊಣಕಾಲಿನ ಕೆಳಗಿನದು, ಶಾಶ್ವತವಾಗಿ ಬೇಕು. ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಡುವ ಮೊದಲೇ ಹಾಕಬೇಕು, ರಾತ್ರಿ ಮಲಗುವಾಗ ತೆಗೆಯಬಹುದು. ಹಾಕುವಾಗ ರಬ್ಬರ್ ಕೈಗವಸು ಹಾಕಿಕೊಂಡರೆ ಜಾರದೆ ಸುಲಭವಾಗಿ ಏರುತ್ತದೆ. ಎರಡು ಜೊತೆ ಇಟ್ಟುಕೊಳ್ಳಿ, ಆರು ತಿಂಗಳಿಗೊಮ್ಮೆ ಹೊಸದು ತನ್ನಿ, ತೊಳೆದು ತೊಳೆದು ಬಿಗಿ ಹೋಗಿರುತ್ತದೆ.

ಎರಡು ತುರ್ತುಗಳನ್ನು ಮನೆಯವರೆಲ್ಲ ತಿಳಿದಿರಬೇಕು. ಒಂದೇ ಕಾಲಿನ ಮೀನಖಂಡ ಒಮ್ಮೆಲೇ ಬಾತು ಬಿಗಿದು ನೋಯತೊಡಗಿದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಜೊತೆಗೆ ಉಸಿರು ಕಟ್ಟಿದರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಹೋಗಿ, 108ಕ್ಕೆ ಕರೆ ಮಾಡಿ. ಇನ್ನೊಂದು, ಉಬ್ಬಿದ ವೇನ್ ಒಡೆದು ರಕ್ತ ಚಿಮ್ಮುವುದು. ನೋಡಿದವರಿಗೆ ಎದೆ ಒಡೆಯುತ್ತದೆ, ಆದರೆ ನಿಲ್ಲಿಸುವುದು ಕಷ್ಟವಲ್ಲ. ಅವ್ವನನ್ನು ಕೂರಿಸಬೇಡಿ, ನಿಲ್ಲಿಸಬೇಡಿ. ನೆಲದ ಮೇಲೆ ಮಲಗಿಸಿ, ಕಾಲನ್ನು ಎದೆಗಿಂತ ಎತ್ತರಕ್ಕೆ ಎತ್ತಿ, ಶುಭ್ರ ಬಟ್ಟೆಯ ಮಡಿಕೆಯಿಂದ ಆ ಜಾಗವನ್ನು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಮೇಲೆ, ತೊಡೆಗೆ ಹಗ್ಗ-ದಾರ ಬಿಗಿಯಬೇಡಿ. ಹಾಗೆ ಕಟ್ಟಿದರೆ ವೇನ್‌ನ ರಕ್ತ ಮೇಲೆ ಹೋಗಲಾರದೆ ಇನ್ನೂ ಹೆಚ್ಚು ಸುರಿಯುತ್ತದೆ. ರಕ್ತ ನಿಂತ ಮೇಲೆ, ಒತ್ತಿದ ಬಟ್ಟೆಯ ಮೇಲೆಯೇ ಪಟ್ಟಿ ಸುತ್ತಿ, ಮಲಗಿಸಿಕೊಂಡೇ ಆಸ್ಪತ್ರೆಗೆ ಕರೆದೊಯ್ಯಿರಿ.